ದೋಸೆ ಬೇಸರ

ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಇಷ್ಟು ಸಣ್ಣ ಸತ್ಯವನ್ನು ಒಪ್ಪಿಕೊಳ್ಳಲು ನನಗೆ ಐವತ್ತೆಂಟು ವರ್ಷ ಹಿಡಿಯಿತು. ಅದಕ್ಕಾಗಿ ಚನ್ನಪಟ್ಟಣದಲ್ಲಿ ಒಂದು, ಇಂಡೋನೇಷ್ಯಾದಲ್ಲಿ ಒಂದು, ಒಟ್ಟು ಎರಡು ಕಾಲು ಮುರಿಯಬೇಕಾಯಿತು.

ಬಸ್ಸಿನ ಬೋರ್ಡು ಓದುತ್ತೇನೆ. ಆರ್ಡರ್ ಚೀಟಿಯ ಮೇಲಿನ ದಪ್ಪಕ್ಷರ ಓದುತ್ತೇನೆ. ಆದರೆ ಈ ಇಂಗ್ಲಿಷಿನವರು ದೊಡ್ಡಕ್ಷರ ಸಾಲದೆಂದು ಚಿಕ್ಕಕ್ಷರ ಬೇರೆ ಮಾಡಿಟ್ಟಿದ್ದಾರಲ್ಲ, ಅವು ಸಾಲುಗಟ್ಟಿ ಬಂದರೆ ನನ್ನ ಕಣ್ಣಿಗೆ ಬೆಲ್ಲದ ಕಡೆ ಹೊರಟ ಇರುವೆಗಳೇ. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಉಳಿ ಹಿಡಿದವನು. ಒಂದು ತುಂಡು ಹಾಲೆಮರ ಕೊಡಿ, ಲೇತಿಗೆ ಕಟ್ಟಿ ಕಣ್ಣು ಮುಚ್ಚಿಕೊಂಡು ಬುಗುರಿ ಮಾಡಿ ನಿಮ್ಮ ಅಂಗೈ ಮೇಲೆ ಆಡಿಸುತ್ತೇನೆ. ಅರಗಿನ ಕಡ್ಡಿ ಒತ್ತಿ ಬಣ್ಣ ಏರಿಸಿ, ತಾಳೆಗರಿಯಲ್ಲಿ ತಿಕ್ಕಿ ಹೊಳಪು ತಂದರೆ ಅದರಲ್ಲಿ ನಿಮ್ಮ ಮುಖ ಕಾಣಬೇಕು. ಕನ್ನಡ ಪೇಪರನ್ನು ತಲೆಬರಹದಿಂದ ಹಿಡಿದು ಕೊನೆಯ ಪುಟದ ವೈಕುಂಠ ಸಮಾರಾಧನೆಯವರೆಗೆ ಓದುತ್ತೇನೆ. ಹಾಗಾಗಿ ನಾಲ್ಕು ಸಾಲು ಬರೆಯುವ ಧೈರ್ಯವೂ ಇದೆ. ಇಲ್ಲದೆ ಇದ್ದದ್ದು ‘ಬರಲ್ಲ’ ಎನ್ನುವ ಧೈರ್ಯ ಮಾತ್ರ.

ನನ್ನ ಹೆಂಡತಿ ಗೌರಮ್ಮ ಬಿದ್ದದ್ದು ನನ್ನ ಕಾರ್ಖಾನೆಯ ಮೆಟ್ಟಿಲ ಮೇಲೆ. ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ಮನೆಯ ಹಿತ್ತಲಿನಾಚೆ ಒಂದು ಷೆಡ್ಡು, ಎರಡು ಲೇತು. ಒಂದರಲ್ಲಿ ನಾನು, ಇನ್ನೊಂದರಲ್ಲಿ ಬಾಷಾ. ಮೂವತ್ತು ವರ್ಷದಿಂದ ಒಬ್ಬರ ಬೆನ್ನು ಒಬ್ಬರು ನೋಡಿಕೊಂಡು ಕೆಲಸ ಮಾಡಿದವರು. ಗೌರಮ್ಮ ದಿನಾ ಹನ್ನೊಂದು ಗಂಟೆಗೆ ಇಬ್ಬರಿಗೂ ಕಾಫಿ ತರುತ್ತಿದ್ದಳು. ಅವತ್ತು ಮೆಟ್ಟಿಲ ಮೇಲೆ ಮರದ ಸಿಪ್ಪೆ ಬಿದ್ದಿತ್ತು. ಕಾಲಿಟ್ಟಳು, ಜಾರಿದಳು, ಮೊಣಕಾಲ ಕೆಳಗಿನ ಮೂಳೆ ಮುರಿಯಿತು. ಆ ಸಿಪ್ಪೆ ಗುಡಿಸಬೇಕಾದವನು ಯಾರು ಎಂದು ನೀವು ಕೇಳಬೇಡಿ. ಅವಳೂ ಕೇಳಲಿಲ್ಲ. ಕೇಳಿದ್ದರೆ ಒಂದು ಜಗಳವಾಡಿ ಹಗುರಾಗುತ್ತಿದ್ದೆ.

ಮೂರು ತಿಂಗಳು ಮಂಚ. ಮಗ ಸೊಸೆ ಇಬ್ಬರೂ ಬೆಳಗಿನ ರೈಲಿಗೆ ಬಿಡದಿಗೆ ಕೆಲಸಕ್ಕೆ ಹೋಗುವವರು. ಸೊಸೆ ಚೈತ್ರ ಒಳ್ಳೆಯ ಹುಡುಗಿ. ಅತ್ತೆಗೆ ಹೊತ್ತು ಹೋಗಲಿ ಎಂದು ತನ್ನ ಹಳೆಯ ಫೋನನ್ನು ಮಂಚದ ಪಕ್ಕದ ಸ್ಟೂಲಿನ ಮೇಲೆ ನಿಲ್ಲಿಸಿ, ಅದೇನೋ ಆ್ಯಪು ಹಾಕಿ, ಕನ್ನಡ ಸೀರಿಯಲ್ ಹಚ್ಚಿಕೊಟ್ಟು ಹೋದಳು.

ಈ ಆ್ಯಪುಗಳ ಬುದ್ಧಿ ನಿಮಗೆ ಗೊತ್ತಿರಬಹುದು. ಮದುವೆಮನೆಯಲ್ಲಿ ಬಡಿಸುವವರಿಗಾದರೂ ಎಲೆಯ ಮೇಲೆ ಕೈ ಅಡ್ಡ ಇಟ್ಟರೆ ಅರ್ಥವಾಗುತ್ತದೆ. ಇವಕ್ಕೆ ಅದೂ ಇಲ್ಲ. ಒಂದು ಮುಗಿಯಿತೋ ಇಲ್ಲವೋ, ಕೇಳದೆ ಇನ್ನೊಂದನ್ನು ಬಡಿಸುತ್ತವೆ. ಕನ್ನಡದ್ದು ಮುಗಿದು, ತಮಿಳಿನದ್ದು ಬಂದು, ಅದೂ ಮುಗಿದು, ಮಧ್ಯಾಹ್ನದ ಹೊತ್ತಿಗೆ ನಾನು ಊಟಕ್ಕೆ ಒಳಗೆ ಬಂದಾಗ ಫೋನು ಸಮುದ್ರ ದಾಟಿಬಿಟ್ಟಿತ್ತು. ಚಪ್ಪಟೆ ಮೂಗಿನ ಚೆಲುವೆಯೊಬ್ಬಳು ಮಹಡಿ ಮೆಟ್ಟಿಲಿನಿಂದ ಉರುಳಿ ಬೀಳುತ್ತಿದ್ದಳು.

“ರೀ, ನೋಡ್ರೀ! ಇವ್ಳ್ ಕಾಲೂ ಮುರೀತು!” ಎಂದಳು ಗೌರಮ್ಮ, ತವರಿನ ಕಡೆಯವರು ಯಾರೋ ಸಿಕ್ಕಿದಂತೆ.

ಅಲ್ಲಿಗೆ ಕನ್ನಡ ಸೀರಿಯಲ್ಲು ಮುಗಿಯಿತು. ನಮ್ಮ ನಟಿಯರು ಎಷ್ಟು ಅತ್ತರೇನು, ಅವರ ಕಾಲು ನೆಟ್ಟಗಿತ್ತಲ್ಲ.

ಅದು ಇಂಡೋನೇಷ್ಯಾದ ಕಥೆ ಎಂದು ಸಂಜೆ ಬಂದ ಚೈತ್ರ ಹೇಳಿದಳು. ಅಲ್ಲಿಯ ಜನ ಟಿವಿ ಬಿಟ್ಟು ಫೋನಿಗೆ ಬಿದ್ದು ಬಹಳ ದಿನವಾಯಿತಂತೆ. ಕಥೆ ತೆಗೆಯುವವರೂ ಅವರ ಹಿಂದೆಯೇ ಫೋನಿಗೆ ಇಳಿದರಂತೆ. ದೆವ್ವದ ಕಥೆ, ಅತ್ತೆಸೊಸೆ ಕಥೆ, ಒಂದೊಂದು ನಿಮಿಷಕ್ಕೆ ತುಂಡು ಮಾಡಿದ ಕಥೆ, ಹೀಗೆ ಮಾಡುತ್ತ ಮಾಡುತ್ತ ಈಗ ದೇಶ ದೇಶಕ್ಕೆ ಹೋಗುತ್ತಿವೆಯಂತೆ. ನನಗೆ ರೇಗಿತು. ಒಂದು ಕಾಲದಲ್ಲಿ ಈ ಊರಿಂದ ಹೊರದೇಶಕ್ಕೆ ಹೋಗುತ್ತಿದ್ದದ್ದು ನಾವು ಮಾಡಿದ ಗೊಂಬೆ. ಈಗ ಹೊರದೇಶದ ಗೊಂಬೆಗಳು ನಮ್ಮ ಮಂಚದ ಪಕ್ಕಕ್ಕೇ ಬಂದು ಅಳುತ್ತವೆ. ಸೋಲೂರಿನಲ್ಲಿರುವ ನನ್ನ ತಂಗಿಗೆ ಫೋನು ಮಾಡಿ ಹೇಳಿಕೊಂಡರೆ, ಡೇರಿಯಲ್ಲಿ ಹಾಲು ಹಾಕಲು ನಿಂತವರು ಅದೇ ದೇಶದ ದೆವ್ವದ ಕಥೆ ಮಾತಾಡುತ್ತಾರಂತೆ. ನಮ್ಮ ಹುಣಸೇಮರದ ದೆವ್ವಗಳಿಗೆ ಕೆಲಸ ಹೋಯಿತು.

ಮಾತು ಇಂಡೋನೇಷ್ಯಾದ್ದು. ಕೆಳಗೆ ಓಡುವ ಅಕ್ಷರ ಇಂಗ್ಲಿಷು. ಚೈತ್ರ ಹಗಲು ಮನೆಯಲ್ಲಿರುವುದಿಲ್ಲ. ಗೌರಮ್ಮ ನನ್ನ ಕಡೆ ನೋಡಿದಳು.

“ನಿಮ್ಗೆ ಓದಕ್ ಬತ್ತದಲ್ಲ, ಒಸಿ ಹೇಳ್ರೀ.”

ಇಲ್ಲಿ ಒಂದು ಹಿಂದಿನ ಕಥೆ ಹೇಳಬೇಕು. ಮದುವೆಯಾದ ಹೊಸದರಲ್ಲಿ ಇಂಗ್ಲಿಷಿನಲ್ಲಿದ್ದ ಒಂದು ಆರ್ಡರ್ ಚೀಟಿಯನ್ನು ಅವಳ ಮುಂದೆ ಗಂಭೀರವಾಗಿ ಓದಿದಂತೆ ಮಾಡಿ ಮಡಚಿ ಜೇಬಿಗೆ ಇಟ್ಟುಕೊಂಡಿದ್ದೆ. ಅದರಲ್ಲಿ ಏನಿತ್ತೆಂದು ಇವತ್ತಿಗೂ ಗೊತ್ತಿಲ್ಲ. ಅವಳು ಮಾತ್ರ ಆವತ್ತಿನಿಂದ ನನಗೆ ಇಂಗ್ಲಿಷ್ ಬರುತ್ತದೆಂದು ತವರಿನಲ್ಲೆಲ್ಲ ಹೇಳಿಕೊಂಡು ಬಂದಿದ್ದಳು. ಮೂವತ್ತು ವರ್ಷ ಅರಗು ಹಚ್ಚಿ ಹೊಳಪು ಕೊಟ್ಟ ಸುಳ್ಳನ್ನು ಒಂದು ಮಧ್ಯಾಹ್ನ ಕೆರೆದು ಹಾಕಲು ಕೈ ಬರಲಿಲ್ಲ. ಕನ್ನಡಕ ಏರಿಸಿದೆ. ತುಟಿ ಅಲ್ಲಾಡಿಸಿದೆ. ಇರುವೆಗಳು ಓಡಿದವು.

ಆಗ ದೇವರು ದೊಡ್ಡವನು ಎನಿಸಿತು. ಯಾಕೆಂದರೆ ಫೋನಿನ ಒಳಗಿನ ಗಂಡಸು “ಇಸ್ತ್ರಿ” ಎಂದ.

“ಬಟ್ಟೆ ಇಸ್ತ್ರಿ ಆಗಿಲ್ಲ ಅಂತ ಬೇಜಾರು ಮಾಡ್ಕಂಡವ್ನೆ” ಎಂದೆ.

“ಬಿದ್ದಿರೋಳ್ ಮುಂದೆ ಇಸ್ತ್ರಿ ಕೇಳ್ತಾವ್ನಾ? ಗಂಡುಸ್ರೇ ಹಿಂಗೆ” ಎಂದು ಗೌರಮ್ಮ ನನ್ನನ್ನೇ ಗುರಾಯಿಸಿದಳು.

ಅಲ್ಲಿಂದ ಶುರುವಾಯಿತು ನನ್ನ ವನವಾಸ. ಹನ್ನೊಂದಕ್ಕೆ ಈಗ ಕಾಫಿ ನಾನೇ ಕಾಯಿಸಿ ತರಬೇಕು, ಬಂದವನು ಒಂದು ಎಪಿಸೋಡು ‘ಓದಿ’ ಹೇಳಿ ಹೋಗಬೇಕು. ಊಟಕ್ಕೆ ಬಂದರೆ ಇನ್ನೊಂದು. ಬಾಷಾನೂ ಕಾಫಿ ಲೋಟ ಹಿಡಿದು ಬಾಗಿಲ ಬಳಿ ಕೂರತೊಡಗಿದ. ಅವನಿಗೆ ಆ ಭಾಷೆ ಅರ್ಧ ಗೊತ್ತೆಂದು ಎರಡೇ ದಿನದಲ್ಲಿ ಪತ್ತೆಯಾಯಿತು. ಅವರು ‘ಮಾಫ್’ ಎನ್ನುತ್ತಾರೆ, ‘ಕಬರ್’ ಎನ್ನುತ್ತಾರೆ, ‘ದುನಿಯಾ’ ಎನ್ನುತ್ತಾರೆ, ಕೂರಲು ‘ಕುರ್ಸಿ’ ಹಾಕುತ್ತಾರೆ. ಉಳಿದರ್ಧ ನನ್ನದು. ‘ಸುವಾಮಿ’, ‘ಪುತ್ರಿ’, ‘ಗುರು’, ‘ಮನುಸ್ಯ’. ಕಥಾನಾಯಕಿಯ ಹೆಸರೇ ದೇವಿ. ಗಂಡ ಸೂರ್ಯ. ಹೆಸರು ಸೂರ್ಯ, ಮುಖ ಮಾತ್ರ ಸದಾ ಮೋಡ.

“ದೇವಿ ಅಂದ್ಮೇಲೆ ನಮ್ಮೋಳು ಕಣ್ಲಾ” ಎಂದೆ.

“ತಲೆ ಮೇಲೆ ಬಟ್ಟೆ ನೋಡು ನಂಜಣ್ಣ. ಊಟಕ್ ಮುಂಚೆ ಬಿಸ್ಮಿಲ್ಲಾ ಅಂದ್ಲು. ನಮ್ಮೋಳು” ಎಂದ ಬಾಷಾ.

“ಇಬ್ರೂ ಸುಮ್ಕಿರಿ. ಕಾಲ್ ಮುರ್ಕಂಡವ್ಳೆ, ಅವ್ಳು ನಮ್ಮೋಳು” ಎಂದು ಗೌರಮ್ಮ ತೀರ್ಪು ಕೊಟ್ಟಳು.

ಅಂತೂ ಅವನರ್ಧ ನನ್ನರ್ಧ ಸೇರಿಸಿ ಕಥೆ ಕಡೆದು ನಿಲ್ಲಿಸಿದೆವು. ನಡುವೆ ಎಲ್ಲಿ ಸಾಲದೋ ಅಲ್ಲಿ ನಾನು ನನ್ನ ಕೈಯಿಂದ ಒಂದಿಷ್ಟು ಮರ ಹಾಕುತ್ತಿದ್ದೆ. ಉದಾಹರಣೆಗೆ, ಆ ದೇವಿ ವಾರಕ್ಕೊಮ್ಮೆಯಾದರೂ ದಿಂಬಿಗೆ ಮುಖ ಒತ್ತಿಕೊಂಡು “ದೋಸಾ ಬೆಸಾರ್, ದೋಸಾ ಬೆಸಾರ್” ಎಂದು ಅಳುತ್ತಾಳೆ. ಇದಕ್ಕೆ ಇಂಗ್ಲಿಷ್ ಯಾಕೆ ಬೇಕು? ದೋಸೆ ಬೇಸರ. ಅತ್ತೆ ಎನ್ನಿಸಿಕೊಂಡವಳು ಮೂರು ಹೊತ್ತೂ ದೋಸೆ ಹಾಕುತ್ತಿರಬೇಕು.

“ಅಲ್ಲ, ಮಲಗಿರೋರಿಗೆ ದಿನಾ ದೋಸೆನಾ? ಒಂದಿನ ಇಡ್ಲಿ ಬೇಯ್ಸಕ್ಕೆ ಏನ್ ಬಂದದೆ ಆ ಮುದುಕಿಗೆ?” ಎಂದು ಗೌರಮ್ಮ ಹಲ್ಲು ಕಡಿದಳು. ಆ ಭಾನುವಾರ ನಮ್ಮ ಮನೆಯಲ್ಲೂ ದೋಸೆ ನಿಂತಿತು. ಮಗ ಬಿಡದಿಯಿಂದ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಬರುವಂತಾಯಿತು.

ಸೂರ್ಯನದು ಇನ್ನೊಂದು ರೋಗ. ಯಾವಾಗ ನೋಡಿದರೂ ಮಂಚದ ಪಕ್ಕ ಕೂತು ದೇವಿಯ ಕೈ ಹಿಡಿದು “ಆಕು ಚಿಂತಾ ಕಾಮು” ಎನ್ನುತ್ತಾನೆ. ಚಿಂತೆ. ಪಾಪ, ಹೆಂಡತಿ ಏಳುತ್ತಾಳೋ ಇಲ್ಲವೋ ಎಂಬ ಚಿಂತೆ. ಇದೊಂದನ್ನು ಹೇಳುವಾಗ ಮಾತ್ರ ನನಗೆ ಸುಳ್ಳು ಹೇಳುತ್ತಿದ್ದೇನೆ ಎನಿಸುತ್ತಿರಲಿಲ್ಲ. “ಅವ್ನಿಗೆ ಬಲೇ ಚಿಂತೆ ಹತ್ಕಂಡದೆ” ಎನ್ನುತ್ತಿದ್ದೆ. ನನಗೂ ಹತ್ತಿಕೊಂಡಿತ್ತು.

ಯಾಕೆಂದರೆ ಪಟ್ಟಿ ಬಿಚ್ಚಿದ ದಿನ ಡಾಕ್ಟರು, “ಮೂಳೆ ಚೆನ್ನಾಗಿ ಕೂಡಿದೆ. ಇವತ್ತಿಂದಲೇ ನಡೆಸಿ. ಹೀಗೇ ಮಲಗಿದರೆ ಮಂಡಿ ಬಿಗಿದುಹೋಗುತ್ತೆ, ಆಮೇಲೆ ನನ್ನ ಕೇಳಬೇಡಿ” ಎಂದಿದ್ದರು. ವಾಕರ್ ತಂದೆವು. ಗೌರಮ್ಮ ಅದರ ಮೇಲೆ ಟವೆಲ್ ಒಣಗಿಸಿದಳು. ಮಗ ಬೇಡಿಕೊಂಡ, ಚೈತ್ರ ಗದರಿದಳು. ಹಾಸಿಗೆಯಂಚಿಗೆ ಬಂದು ಕಾಲು ಇಳಿಬಿಡುವುದು, ನೆಲ ಮುಟ್ಟುವ ಮುಂಚೆ ಮೇಲೆತ್ತಿಕೊಳ್ಳುವುದು, ಇಷ್ಟೇ. ಒಂದು ದಿನ ಬೇಸತ್ತು ನಾನು ಕೂಗಾಡಿದೆ. ಅವಳು ಶಾಂತವಾಗಿ, “ಆ ದೇವಿ ಎದ್ದ್ ದಿನ ನಾನೂ ಏಳ್ತೀನಿ ಬುಡಿ” ಎಂದಳು. ಹರಕೆ ಹೊತ್ತಂತೆ.

ನೀವೇ ಹೇಳಿ, ಇದಕ್ಕಿಂತ ಕೆಟ್ಟ ವೈದ್ಯ ಉಂಟೆ? ಕಥೆ ಎಳೆದಷ್ಟೂ ನೋಡುವವರು ಇರುತ್ತಾರೆ, ನೋಡುವವರು ಇದ್ದಷ್ಟೂ ಕಥೆ ಎಳೆಯುತ್ತದೆ. ಅಂಥವರು ಕಾಲು ವಾಸಿ ಮಾಡುತ್ತಾರೆಯೆ? ರಾಮನಗರದಲ್ಲಿ ನೂಲು ಬಿಚ್ಚುವ ಕಡೆ ನೋಡಿ, ಒಂದು ಗೂಡಿನಿಂದ ಎಷ್ಟು ಉದ್ದ ರೇಷ್ಮೆ ಎಳೆಯುತ್ತಾರೆ. ಆದರೆ ಅಲ್ಲಿ ಕೊನೆಗೆ ಒಂದು ಹುಳುವಾದರೂ ಸಿಗುತ್ತದೆ. ಇಲ್ಲಿ ನೂರು ಎಪಿಸೋಡು ನೂಲು ಬಿಚ್ಚಿದರೂ ಹುಳುವಿನ ಸುಳಿವಿಲ್ಲ. ಆ ದೇವಿ ಆಗಾಗ ಮನೆಯಲ್ಲಿ ಯಾರೂ ಇಲ್ಲದಾಗ ಎದ್ದು, ಗೋಡೆ ಹಿಡಿದು, ಕಿಟಕಿಯವರೆಗೆ ಹೋಗುವುದನ್ನು ತೋರಿಸುತ್ತಿದ್ದರು. ಮರುಕ್ಷಣ ಸೂರ್ಯ ಬಂದರೆ ಮತ್ತೆ ಮಂಚದ ಮೇಲೆ.

“ಇದೇನ್ರೀ, ನಡೀತಾವ್ಳೆ?”

ಎದ್ದಳು ಎಂದರೆ ಹರಕೆ ತೀರುತ್ತಿತ್ತು! ಆ ಹೊತ್ತಿನಲ್ಲಿ ನನ್ನ ಬುದ್ಧಿಗೆ ಮಂಕು ಕವಿದಿತ್ತು ನೋಡಿ. ಕಥೆ ಸರಿಯಾಗಿ ಓದುವವನೆಂಬ ಹೆಮ್ಮೆಯಲ್ಲಿ, “ಕನಸು ಕಣೆ ಅದು. ಕೆಳಗೆ ಬರ್ದವ್ರೆ, ಕನಸು ಅಂತ” ಎಂದುಬಿಟ್ಟೆ.

ಗೌರಮ್ಮ, “ಕನಸಲ್ಲೂ ಯಾಕೆ ಕುಂಟ್ತಾಳೆ? ಕನಸಲ್ಲಾದ್ರೂ ನೆಟ್ಟಗ್ ನಡೀಬಾರ್ದಾ?” ಎಂದಳು. ಲೇತಿನಲ್ಲಿ ಕೆಲಸವಿದೆ ಎಂದು ಎದ್ದುಹೋದೆ.

ಕೊನೆಗೆ ಒಂದು ಶುಕ್ರವಾರ ಆ ಘಳಿಗೆ ಬಂತು. ದೇವಿ ಮಂಚದಂಚಿಗೆ ಬಂದಳು. ಎದುರಿಗೆ ಸೂರ್ಯ ನಿಂತಿದ್ದಾನೆ. ಸಂಗೀತ ಏರಿತು. ದೇವಿ ಕಾಲು ಇಳಿಬಿಟ್ಟಳು. ಗೌರಮ್ಮನೂ ಇಳಿಬಿಟ್ಟಳು. ನಾನು ವಾಕರಿನ ಮೇಲಿದ್ದ ಟವೆಲ್ ಎಳೆದು ಬಿಸಾಕಿ ಸಿದ್ಧನಾದೆ. ಬಾಷಾ ಲೋಟ ಕೆಳಗಿಟ್ಟ. ದೇವಿಯ ಹೆಬ್ಬೆರಳಿಗೂ ನೆಲಕ್ಕೂ ಒಂದಿಂಚು ಇರುವಾಗ ಪರದೆ ಕಪ್ಪಾಯಿತು. ಹೆಸರುಗಳು ಓಡಿದವು.

ಸೀಸನ್ ಮುಗಿಯಿತಂತೆ! ಸೀಸನ್ ಎಂದರೆ ನಮಗೆ ಗೊತ್ತಿರುವುದು ಮಾವಿನ ಸೀಸನ್. ಅದಕ್ಕೊಂದು ನೇಮವಿದೆ. ಹೂ ಬಿಟ್ಟರೆ ಕಾಯಿ, ಕಾಯಾದರೆ ಹಣ್ಣು, ಹಣ್ಣಾದರೆ ಸೀಸನ್ ಮುಗಿಯಿತು. ಮಿಡಿಯಲ್ಲೇ ತೋಟಕ್ಕೆ ಬೀಗ ಹಾಕಿ ಮುಂದಿನ ವರ್ಷ ಬನ್ನಿ ಎನ್ನುವ ತೋಟಗಾರನನ್ನು ನಾನು ಕಂಡಿಲ್ಲ. ಗೌರಮ್ಮ ಕಾಲು ಮೇಲೆತ್ತಿಕೊಂಡು ಹೊದಿಕೆ ಎಳೆದುಕೊಂಡಳು. ಎರಡನೇ ಸೀಸನ್ ಯಾವಾಗಲೋ, ಅಷ್ಟು ದಿನ ಆ ಮಂಡಿ ಕಾಯುತ್ತದೆಯೋ ಇಲ್ಲವೋ. ಇಡೀ ಇಂಡೋನೇಷ್ಯಾದ ಮೇಲೆ ನನಗೆ ಅವತ್ತು ಬಂದ ಸಿಟ್ಟಿಗೆ, ಲೇತಿನ ಮೇಲಿದ್ದ ನಾಲ್ಕು ಬುಗುರಿ ಮೊಳೆಯಷ್ಟು ಸಣ್ಣಗಾದವು.

ಭಾನುವಾರ ಬೆಳಗ್ಗೆ ಚೈತ್ರ ಮನೆಯಲ್ಲಿದ್ದಳು. “ಅದೇನತ್ತೆ ಅಂಥಾ ಕಥೆ?” ಎಂದು ಕೊನೆಯ ಎಪಿಸೋಡು ಹಚ್ಚಿಕೊಂಡು ಮಂಚದ ಮೇಲೆ ಕೂತಳು. ಗೌರಮ್ಮ ಹೆಮ್ಮೆಯಿಂದ ಹಿಂದಿನದೆಲ್ಲ ಹೇಳಿದಳು. ಇಸ್ತ್ರಿ, ಅತ್ತೆಯ ದೋಸೆ, ಕನಸು. ಚೈತ್ರ ಒಮ್ಮೆ ಅತ್ತೆಯನ್ನೂ ಒಮ್ಮೆ ಪರದೆಯನ್ನೂ ನೋಡಿದಳು. ನಾನು ಮೆಲ್ಲಗೆ ಹಿತ್ತಲ ಬಾಗಿಲ ಕಡೆ ಸರಿದೆ.

“ಮಾವ, ಇಸ್ತ್ರಿ ಅಂದ್ರೆ ಅವರಲ್ಲಿ ಹೆಂಡ್ತಿ. ‘ನನ್ನ ಹೆಂಡ್ತೀನ ಉಳಿಸಿ’ ಅಂದಿರ್ತಾನೆ ಅವ್ನು.”

“ಹಂಗೂ ಅಂತಾರೆ” ಎಂದೆ.

“ದೋಸೆ ಅಲ್ಲ ಮಾವ, ದೋಷ. ಪಾಪ ಅನ್ನಲ್ವಾ, ಅದು. ಬೆಸಾರ್ ಅಂದ್ರೆ ದೊಡ್ಡದು. ‘ದೊಡ್ಡ ಪಾಪ ಮಾಡ್ತಿದೀನಿ’ ಅಂತ ಅಳ್ತಾಳೆ.”

“ಏನ್ ಪಾಪ ಮಾಡಿದ್ಲು ಅವ್ಳು?” ಗೌರಮ್ಮನಿಗೆ ಗಾಬರಿ.

ಚೈತ್ರ ಪರದೆಯ ಮೇಲಿನದನ್ನು ಓದಿ ಓದಿ ಹೇಳಿದಳು. “ಕನಸಲ್ಲ ಅತ್ತೆ. ಅವ್ಳಿಗೆ ಎಂದೋ ನಡೆಯೋಕೆ ಬಂದಿದೆ. ಗಂಡ ಇಲ್ದಾಗ ನಡೀತಾಳೆ, ಬಂದಾಗ ಮಲಗ್ತಾಳೆ. ಯಾಕೆ ಅಂದ್ರೆ, ಮದುವೆ ಆದಾಗಿಂದ ಅವ್ನು ಕೆಲಸ ಕೆಲಸ ಅಂತ ಇದ್ದೋನು. ಕಾಲು ಮುರಿದ್ಮೇಲೇ ಪಕ್ಕದಲ್ಲಿ ಕೂತಿದ್ದು. ಎದ್ರೆ ಮತ್ತೆ ಎದ್ದೋಗ್ತಾನೆ ಅಂತ ಹೆದ್ರಿಕೆ.”

ನನ್ನ ಸುಳ್ಳು ಸಿಪ್ಪೆಯಂತೆ ಸುರುಳಿ ಸುರುಳಿಯಾಗಿ ಕಾಲ ಬುಡದಲ್ಲಿ ಬಿದ್ದಿತ್ತು. ಗೌರಮ್ಮ ಅದನ್ನು ಆಡಿಕೊಂಡು ನಗುತ್ತಾಳೆಂದು ಕಾದೆ. ಅವಳು ನಗಲಿಲ್ಲ. ಹೊದಿಕೆಯ ಅಂಚನ್ನು ಮಡಚುತ್ತ, ನನ್ನ ಕಡೆ ನೋಡದೆ, “ನಾನೇನೂ ಅವ್ಳಂಗಲ್ಲ” ಎಂದಳು. ಯಾರೂ ಕೇಳಿರಲಿಲ್ಲ.

ನಾನು ಮರದ ಮನುಷ್ಯ, ನಿಧಾನಕ್ಕೆ ಹೊಳೆಯುವುದು. ಹಿತ್ತಲಿಗೆ ಬಂದು ನಿಂತು ಲೆಕ್ಕ ಹಾಕಿದೆ. ಮೂವತ್ತು ವರ್ಷ ಇವಳು ಕಾಫಿ ತಂದಿದ್ದಾಳೆ. ಒಂದು ದಿನವಾದರೂ ಲೇತು ನಿಲ್ಲಿಸಿ ಅವಳು ಖಾಲಿ ಲೋಟ ಒಯ್ಯುವವರೆಗೆ ಮಾತಾಡಿದ್ದೇನೆಯೆ? ದುಡಿಯುವವನಿಗೆ ಅದೊಂದು ಜಂಬ, ಕೈ ಬಿಡುವಿಲ್ಲ ಎನ್ನುವುದು. ಈ ಮೂರು ತಿಂಗಳು ಮಾತ್ರ ದಿನಕ್ಕೆರಡು ಸಲ ಅವಳ ಪಕ್ಕ ಕೂತು, ಅವಳಿಗಾಗಿ ಬಾಯಿಗೆ ಬಂದ ಸುಳ್ಳು ಹೇಳಿದ್ದೆ.

ಹೊರಗೆ ಬಂದ ಚೈತ್ರ ನಗು ತಡೆದುಕೊಂಡು, “ಮಾವ, ಇನ್ನೊಂದಿದೆ. ಅತ್ತೆ ಮುಂದೆ ಹೇಳ್ಲಿಲ್ಲ. ಚಿಂತಾ ಅಂದ್ರೆ ಚಿಂತೆ ಅಲ್ಲ. ಪ್ರೀತಿ” ಎಂದಳು.

“ಅದೆಂಗವ್ವಾ ಆಯ್ತದೆ?” ಎಂದೆ. ಯಾಕಾಗಬಾರದು ಎಂದು ಅವಳು ಒಳಗೆ ಹೋದಳು.

ಆ ಮಧ್ಯಾಹ್ನ ಬಾಷಾನನ್ನು ಕರೆಸಿದೆ. ಭಾನುವಾರ ಲೇತು ಹಾಕಿದ್ದಕ್ಕೆ ಗೊಣಗಿಕೊಂಡೇ ಬಂದ. ಎರಡು ಉದ್ದ ಹಾಲೆಮರ ಕಡೆದೆವು. ಬಳೆ ಬಳೆಯಾಗಿ ಕೆಂಪು ಹಳದಿ ಅರಗು ಏರಿಸಿದೆವು. ಆ ಮೆಟ್ಟಿಲಿನ ಎರಡೂ ಪಕ್ಕಕ್ಕೆ ಹಿಡಿಕೆ ನಿಲ್ಲಿಸಿ, ಒಳಗೆ ನನ್ನ ಲೇತಿನ ಪಕ್ಕ ಒಂದು ಕುರ್ಚಿ ಹಾಕಿದೆವು. ಕಾರ್ಖಾನೆಯನ್ನೂ ಮೆಟ್ಟಿಲನ್ನೂ ನಾನೇ ಮೂರು ಸಲ ಗುಡಿಸಿದೆ. ಸೋಮವಾರ ಬೆಳಗ್ಗೆ ಸ್ಟೂಲಿನ ಮೇಲಿದ್ದ ಫೋನು ತೆಗೆದುಕೊಂಡು ಹೊರಟೆ.

“ಎಲ್ಲಿಗ್ರೀ?”

“ಇನ್ಮೇಲೆ ಯಾವ್ ಕಥೆ ಹೇಳಿದ್ರೂ ಕಾರ್ಖಾನೇಲಿ. ಹನ್ನೊಂದಕ್ಕೆ ಲೇತು ನಿಲ್ತದೆ, ನಿನ್ ಕುರ್ಚಿ ಅಲ್ಲೇ ಹಾಕಿವ್ನಿ. ಕೇಳೋರು ಬಂದು ಕೇಳ್ಬೇಕು.”

“ಇಂಗ್ಲಿಷ್ ಬರ್ದೆ ಇರೋರ ಕಥೆ ಯಾರಿಗ್ ಬೇಕು?” ಎಂದಳು. ಮೊದಲ ದಿನ ಬರಲಿಲ್ಲ. ನಾನು ಹನ್ನೊಂದಕ್ಕೆ ಲೇತು ನಿಲ್ಲಿಸಿ ಖಾಲಿ ಕುರ್ಚಿಯ ಪಕ್ಕ ಪೆದ್ದನಂತೆ ಕೂತಿದ್ದೆ. ಎರಡನೇ ದಿನ ವಾಕರಿನ ಸದ್ದು ಅಡುಗೆಮನೆಯವರೆಗೆ ಬಂದು ವಾಪಸು ಹೋಯಿತು. ಮೂರನೇ ದಿನ ಹಿತ್ತಲ ಬಾಗಿಲವರೆಗೆ. ನಾನು ಏಳಲು ಹೋದರೆ ಬಾಷಾ ಅಂಗಿ ಹಿಡಿದೆಳೆದು ಕೂರಿಸಿದ. ನಾಲ್ಕನೇ ದಿನ ತಲೆಯೆತ್ತಿದರೆ ಮೆಟ್ಟಿಲ ಬುಡದಲ್ಲಿ ನಿಂತಿದ್ದಾಳೆ, ಬೆವರುತ್ತ, ಮುಖ ಗಂಟಿಕ್ಕಿಕೊಂಡು.

“ಇದೇನ್ರೀ ಇದು, ತೊಟ್ಲು ಕಟ್ಟಿದಂಗೈತೆ! ಮೆಟ್ಲಿಗ್ಯಾರಾದ್ರೂ ಹಿಂಗ್ ಬಣ್ಣ ಬಳೀತಾರಾ?”

ಬೈದುಕೊಂಡೇ ವಾಕರ್ ಬಿಟ್ಟು ಹಿಡಿಕೆ ಹಿಡಿದಳು. ನಾನು ಕೈ ಚಾಚಿದರೆ, “ದೂರ ನಿಂತ್ಕಳಿ” ಎಂದಳು. ನಿಂತೆ. ಇಂಡೋನೇಷ್ಯಾದವರು ಒಂದಿಂಚು ಮೇಲೆ ನಿಲ್ಲಿಸಿ ಹೋದ ಕಾಲು ನಮ್ಮ ಕಾರ್ಖಾನೆಯ ಮೆಟ್ಟಿಲ ಮೇಲೆ ಊರಿತು. ಆಮೇಲೆ ಇನ್ನೊಂದು.

ಈಗ ದಿನಾ ಬರುತ್ತಾಳೆ. ವಾಕರ್ ಮತ್ತೆ ಟವೆಲ್ ಒಣಗಿಸುವ ಕೆಲಸಕ್ಕೆ ಹೋಗಿದೆ. ಕಾಫಿ ಮಾತ್ರ ನಾನೇ ತರುತ್ತೇನೆ, ಅದನ್ನು ಅವಳು ವಾಪಸು ತೆಗೆದುಕೊಂಡಿಲ್ಲ. ಮೊನ್ನೆ ಎರಡನೇ ಸೀಸನ್ ಬಂತು. ಆ್ಯಪಿನವರು ಈ ಸಲ ಕೆಳಗಡೆ ಕನ್ನಡ ಅಕ್ಷರವನ್ನೇ ಹಾಕಿದ್ದಾರೆ, ಬೇಕಾದವರು ಒತ್ತಿಕೊಳ್ಳಬಹುದು ಎಂದು ಚೈತ್ರ ತೋರಿಸಿಕೊಟ್ಟಳು. ಗೌರಮ್ಮ ಅರ್ಧ ಎಪಿಸೋಡು ಅದನ್ನು ಓದಿ, ಮುಖ ಹುಳಿ ಮಾಡಿಕೊಂಡು ಅಕ್ಷರ ತೆಗೆಸಿದಳು.

“ನೀವೇ ಹೇಳಿ. ಅವ್ರ್ ಬರ್ದಿರೋದ್ಕಿಂತ ನಿಮ್ದೇ ಚೆಂದಾಗಿರ್ತದೆ.”

ಕನ್ನಡಕ ಏರಿಸಿದೆ. ಸೂರ್ಯ ದೇವಿಯ ಕೈ ಹಿಡಿದು, ಅದೇ ಮೋಡದ ಮುಖದಲ್ಲಿ, ಅದೇ ಮಾತು ಹೇಳಿದ. ಬಾಷಾ ಲೋಟ ಇಳಿಸಿ ನನ್ನತ್ತ ನೋಡಿದ. ಅವನಿಗೂ ಅರ್ಥ ಗೊತ್ತು, ನಾನೇ ಹೇಳಿದ್ದೆ.

“ಏನಂತೆ ಅವ್ನಿಗೆ?” ಎಂದಳು ಗೌರಮ್ಮ.

“ಅದೇ, ಚಿಂತೆಯಂತೆ.”

“ಇನ್ನೂವಾ? ಅವ್ಳು ಎದ್ದು ಓಡಾಡ್ತಾವ್ಳಲ್ಲ.”

“ಹತ್ಕಂಡಿದ್ದು ಹೋಗಾಕಿಲ್ಲ ಕಣೆ” ಎಂದೆ.

ಅವಳು ಕಾಲು ಚಾಚಿ, ಮಂಡಿ ನೀವಿಕೊಂಡು, ಪರದೆಯಿಂದ ಕಣ್ಣು ತೆಗೆಯದೆ, “ಇರ್ಲಿ ಬುಡಿ” ಎಂದಳು. “ಗಂಡುಸ್ರಿಗೆ ಅಷ್ಟಾದ್ರೂ ಚಿಂತೆ ಇರ್ಬೇಕು.”